ಕೊನೆಗದ್ದೆಯ ನೀರು

“ನೋವೇ ಇಲ್ಲದ ಮೈಗೆ ಔಷಧ ಯಾಕೆ ಉಸ್ತಾದ್ರೆ?” ಎಂದು ಪೈಲ್ವಾನ್ ಸಣ್ಣಜವರ ಕೇಳಿದ.

ಗರಡಿಮನೆಯ ಹೊಸಿಲಿನ ಆಚೆ, ಜಗಲಿಯ ಮೇಲೆ ಕೂತು ಕೇಳಿದ. ಒಳಗೆ ಬರಲಿಲ್ಲ. ಒಳಗೆ ಬರಬೇಕಾದರೆ ಕಾಲಿನದನ್ನು ಬಿಚ್ಚಿ ಬರಬೇಕು. ಅದು ಗರಡಿಯ ಕಟ್ಟಳೆ. ಅವನ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು. ದಾರ ಬಿಗಿಯಾಗಿ ಕಟ್ಟಿತ್ತು.

ಹೆಸರಿಗೆ ಮಾತ್ರ ಸಣ್ಣಜವರ. ಅವನು ಕೂತರೆ ಜಗಲಿಯ ಕಲ್ಲು ಒಂದು ಗೇಣು ನೆಲಕ್ಕಿಳಿಯುತ್ತಿತ್ತು ಎಂದು ಕೇರಿಯವರು ಹೇಳುತ್ತಿದ್ದರು. ಪ್ರಾಯದಲ್ಲಿ ಅವನು ಅಖಾಡಕ್ಕಿಳಿದು ತೊಡೆ ತಟ್ಟಿದರೆ ಆಚೆ ಬೀದಿಯ ಮನೆಗಳಲ್ಲಿ ನೆಲುವಿನ ಮೇಲಿನ ಮೊಸರು ತಾನಾಗಿ ಬೆಣ್ಣೆ ಕಟ್ಟುತ್ತಿತ್ತು ಎಂಬ ಮಾತೂ ಇತ್ತು. ಈಗ ಕುಸ್ತಿ ಬಿಟ್ಟು ಬಹಳ ಕಾಲವಾಗಿತ್ತು. ಅವನು ಕುಸ್ತಿಯನ್ನು ಬಿಟ್ಟಿದ್ದ, ಕುಸ್ತಿಯ ಊಟ ಅವನನ್ನು ಬಿಟ್ಟಿರಲಿಲ್ಲ. ಬಾದಾಮಿ ಹಾಲು, ತುಪ್ಪ, ಹೋಳಿಗೆ, ಮೇಲೆ ಒಂದು ಬೀಡಿ.

ಉಸ್ತಾದ್ ಪುಟ್ಟಮಾದಯ್ಯನವರು ಒಳಗೆ ಅಖಾಡದ ಕೆಮ್ಮಣ್ಣನ್ನು ಗುದ್ದಲಿಯಿಂದ ಸಡಿಲ ಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು:

“ಔಷಧ ತಗೋ ಅಂತ ಯಾರು ಹೇಳಿದ್ರು?”

“ಆಸ್ಪತ್ರೆ ಡಾಕ್ಟರಮ್ಮ. ಸಕ್ಕರೆ ಕಾಯಿಲೆ ಐತಂತೆ, ಬಿ.ಪಿ. ಐತಂತೆ. ಎರಡೂ ಸೇರ್ಕೊಂಡು ರಕ್ತನಾಳದ ಒಳಗೋಡೆ ಕೆಡಿಸಿಬಿಟ್ಟವಂತೆ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ್ರು. ಸಿಗಲಿಲ್ಲ. ಈ ಸಣ್ಣಜವರನ ನಾಡಿ ಅಂಗೆ ಬೆರಳಿಗೆಲ್ಲ ಸಿಕ್ಬಿಡ್ತದಾ ಉಸ್ತಾದ್ರೆ?”

ಅವನೊಬ್ಬನೇ ನಕ್ಕ. ಉಸ್ತಾದರು ನಗಲಿಲ್ಲ. ಅವರು ನಗದಿದ್ದದ್ದು ಕಂಡು ಸಣ್ಣಜವರ ದನಿ ಇನ್ನೂ ಏರಿಸಿದ.

“ಮೊನ್ನೆ ಇಷ್ಟುದ್ದ ಮೊಳೆ ಪಾದಕ್ಕೆ ಹೊಕ್ಕಿತ್ತು. ಬೆಳಗಿಂದ ಸಂಜೆ ತನಕ ಅದರ ಮೇಲೇ ಓಡಾಡಿದೀನಿ. ನನ್ನ ಹೆಂಡ್ತಿ ನೋಡಿ ಕಿರುಚಿಕೊಂಡ ಮೇಲೇ ನನಗೆ ಗೊತ್ತಾಗಿದ್ದು. ಕಿತ್ತು ನೋಡ್ತೀನಿ, ಮೊಳೆ ಬಗ್ಗಿತ್ತು. ಕಾಲು ಬಗ್ಗಲಿಲ್ಲ! ಇಂಥ ಮೈಗೆ ರೋಗ ಅಂತಾರಲ್ಲ!”

“ಗಾಯ?”

“ಮಾಯ್ತು.”

ಅದು ಸುಳ್ಳು. ಗಾಯ ಮಾಯ್ದಿರಲಿಲ್ಲ. ಹೆಬ್ಬೆರಳಿನ ಬುಡ ಕಪ್ಪಗಾಗಿತ್ತು. ಕಾಲಿಗೆ ರಕ್ತ ಸರಿಯಾಗಿ ತಲುಪುತ್ತಿಲ್ಲ, ತಲುಪದೆ ಗಾಯ ಮಾಯುವುದಿಲ್ಲ, ಇವತ್ತೇ ದಾಖಲಾಗಬೇಕು, ತಡಮಾಡಿದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ ಎಂದು ಡಾಕ್ಟರಮ್ಮ ಬೆಳಿಗ್ಗೆ ಹೇಳಿದ್ದರು. ಆ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅಖಾಡದಲ್ಲಿ ನೆಟ್ಟ ಕಂಬದ ಹಾಗೆ ನಿಲ್ಲುತ್ತಿದ್ದ ಕಾಲು ಅದು. ಅದನ್ನು ಕೊಯ್ಯುತ್ತಾರೆ ಎಂದು ಯಾವ ಬಾಯಲ್ಲಿ ಹೇಳುವುದು? ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದಿದ್ದ. ‘ನಿನಗೇನೂ ಆಗಿಲ್ಲ, ಹೋಗ್ಲಾ’ ಎಂದು ಉಸ್ತಾದರು ಒಂದು ಮಾತು ಹೇಳಿದರೆ ಸಾಕಿತ್ತು. ಮನೆಗೆ ಹೋಗುತ್ತಿದ್ದ. ಆಸ್ಪತ್ರೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಉಸ್ತಾದರು ಗುದ್ದಲಿಯನ್ನು ಮೂಲೆಗೆ ಒರಗಿಸಿದರು. ಹೊಸಿಲ ತನಕ ಬಂದರು. ಮೂಗು ಅರಳಿಸಿದರು.

“ಏನ್ಲಾ ಜವರ, ಮದುವೆ ಗಂಡಿನಂಗೆ ಅತ್ತರು ಹಾಕ್ಕೊಂಡು ಬಂದಿದೀಯ?”

“ಸುಮ್ನೆ, ಉಸ್ತಾದ್ರೆ.”

ಉಸ್ತಾದರು ಅವನ ಮುಖ ನೋಡಿದರು. ಬೂಟು ನೋಡಿದರು. ಆಮೇಲೆ ಬೀದಿಯ ಕಡೆ ತಿರುಗಿ, ಸಣ್ಣಜವರನನ್ನು ಕರೆತಂದಿದ್ದ ಆಟೋದವನನ್ನು ಕೂಗಿದರು.

“ಹೋಗಬ್ಯಾಡ ಕಣಪ್ಪ, ಅಲ್ಲೇ ಇರು. ಕೆಲಸ ಐತೆ.”

ಉಸ್ತಾದರಿಗೆ ಪೇಟೆಯಲ್ಲಿ ಏನೋ ಕೆಲಸವಿರಬೇಕು ಎಂದುಕೊಂಡ ಸಣ್ಣಜವರ. ಉಸ್ತಾದರು ಹೊಸಿಲಿನ ಈಚೆ, ಒಳಗಡೆ ಕೂತರು. ಕೈಗಳನ್ನು ಒಂದಕ್ಕೊಂದು ಉಜ್ಜಿ ಕೆಮ್ಮಣ್ಣು ಉದುರಿಸಿದರು. ಕತೆ ಶುರುಮಾಡಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಗೊಬ್ಬ ನೀರುಗಂಟಿ.

ಆ ಕೆರೆ ಎಷ್ಟು ದೊಡ್ಡದೆಂದರೆ, ಈ ದಡದಿಂದ ಹಾರಿದ ಕೊಕ್ಕರೆ ಆ ದಡ ಮುಟ್ಟುವ ಹೊತ್ತಿಗೆ ಅದಕ್ಕೆ ಮುಪ್ಪು ಬಂದಿರುತ್ತಿತ್ತು. ತೂಬು ಎತ್ತಿದರೆ ನೀರು ನುಗ್ಗುವ ಸದ್ದಿಗೆ ಪಕ್ಕದ ಊರಿನ ಕೂಸುಗಳು ತೊಟ್ಟಿಲಲ್ಲಿ ಎದ್ದು ಕೂರುತ್ತಿದ್ದವು. ತೂಬು ಎತ್ತುವುದು, ಇಳಿಸುವುದು, ಎಲ್ಲರ ಗದ್ದೆಗೂ ನೀರು ಮುಟ್ಟಿಸುವುದು ನೀರುಗಂಟಿಯ ಕೆಲಸ. ಅವನ ತಂದೆ ಅದನ್ನೇ ಮಾಡಿದ್ದ. ತಾತನೂ ಅದನ್ನೇ ಮಾಡಿದ್ದ.

ತೂಬಿನಿಂದ ಒಂದು ದೊಡ್ಡ ಕಾಲುವೆ ಹೊರಡುತ್ತಿತ್ತು. ಅದು ಹೋಗುತ್ತಾ ಹೋಗುತ್ತಾ ಕವಲೊಡೆಯುತ್ತಿತ್ತು. ಕವಲಿಗೆ ಮರಿಕವಲು. ಎಲ್ಲಕ್ಕಿಂತ ಕಡೆಯ ಕವಲು ಹೆಣ್ಣುಮಗುವಿನ ಜಡೆಯಷ್ಟು ಸಣ್ಣದಾಗಿ ಒಂದು ಗದ್ದೆಗೆ ಹೋಗಿ ಮುಗಿಯುತ್ತಿತ್ತು. ಅದನ್ನು ಊರಿನವರು ಕೊನೆಗದ್ದೆ ಎನ್ನುತ್ತಿದ್ದರು. ಅದು ಒಬ್ಬ ಅಜ್ಜಿಯದು.

ಆ ಊರಿನಲ್ಲಿ ನೀರುಗಂಟಿಗೆ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಎದ್ದು ಅವನು ಕೊನೆಗದ್ದೆಗೆ ಹೋಗಬೇಕು. ಅಲ್ಲಿಯ ನೀರಿನಲ್ಲಿ ಕಾಲಿಡಬೇಕು. ಆ ಒದ್ದೆ ಕಾಲಲ್ಲಿ ಮನೆಗೆ ಬರಬೇಕು. ಅವನ ಕಾಲು ಒದ್ದೆಯಾಗಿರುವುದನ್ನು ಹೆಂಡತಿ ನೋಡಬೇಕು. ಆಮೇಲೇ ಊಟದ ಎಲೆ ಹಾಕಬೇಕು. ಕೊನೆಗದ್ದೆಗೆ ನೀರು ಬಂದಿದ್ದರೆ ನಡುವಿನ ಗದ್ದೆಗಳಿಗೆಲ್ಲ ಬಂದಿದೆ ಎಂದೇ ಲೆಕ್ಕ. ಹಿಂದಿನವರು ಅದಕ್ಕೇ ಹಾಗೆ ಮಾಡಿದ್ದರು.

ಈ ನೀರುಗಂಟಿಯೂ ಕೆಲವು ಕಾಲ ಹಾಗೇ ಮಾಡಿದ. ಆಳು ಗಟ್ಟಿಮುಟ್ಟಾಗಿದ್ದ. ಮೀಸೆ ಇತ್ತು. ತೂಬಿನ ಬಾಯಿಗೆ ಎದೆ ಕೊಟ್ಟು ನಿಂತರೆ ನೀರು ಅವನನ್ನು ಕೇಳಿ ಪಕ್ಕಕ್ಕೆ ಸರಿದು ಹೋಗುತ್ತಿತ್ತು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕೇಳಿದವರು ತಲೆಯಾಡಿಸುತ್ತಿದ್ದರು.

ಹೀಗಿರುವಾಗ ಮೇಲಿನ ಗದ್ದೆಯವರು ಕಬ್ಬು ಹಾಕಿದರು. ಕಾಲುವೆ ಹುಟ್ಟುವ ಜಾಗದಲ್ಲೇ ಒಂದು ಆಲೆಮನೆ ಬಂತು. ಕಬ್ಬಿನ ಹಾಲು ಕುದಿಯುವ ವಾಸನೆ ಬಂದರೆ ನೀರುಗಂಟಿಯ ಕಾಲು ಅತ್ತಲೇ ತಿರುಗುತ್ತಿತ್ತು. “ಬಾರಯ್ಯ ನೀರುಗಂಟಿ, ಬಿಸಿಬೆಲ್ಲ ತಿನ್ನು ಬಾ” ಎಂದು ಆಲೆಮನೆಯವನು ಕರೆಯುತ್ತಿದ್ದ. ಬಾಳೆ ಎಲೆಯ ಚೂರಿನ ಮೇಲೆ ಬಿಸಿಬೆಲ್ಲ, ಅದರ ಜೊತೆ ಕೊಬ್ಬರಿ. ತಿಂದಷ್ಟೂ ಹಾಕುತ್ತಿದ್ದ. ಒಮ್ಮೆ ನೀರುಗಂಟಿ ತಿಂದು ಕೈ ತೊಳೆಯುವಾಗ ಆಲೆಮನೆಯವನು ಒಂದು ಮಾತು ಕೇಳಿದ: “ಕೊಪ್ಪರಿಗೆ ತೊಳೆದ ನೀರನ್ನ, ಮೇಲೆ ಕಟ್ಟೋ ಮಡ್ಡೀನ ನಿನ್ನ ಕಾಲುವೆಗೇ ಬಿಟ್ಕೋತೀನಿ. ಅಡ್ಡಿ ಇಲ್ಲ ತಾನೆ?” ನೀರುಗಂಟಿಯ ಬಾಯಿ ಇನ್ನೂ ಸಿಹಿಯಾಗಿತ್ತು. ಬಿಟ್ಟುಕೋ ಎಂದ.

ಬೆಲ್ಲ ತಿಂದ ಮೇಲೆ ನಿದ್ದೆ ಬರುತ್ತದೆ. ನಿದ್ದೆ ಬಂದವನಿಗೆ ಕೊನೆಗದ್ದೆ ದೂರವಾಗುತ್ತದೆ. ಒಂದು ದಿನ ಅವನು ಹೋಗಲಿಲ್ಲ. ತೂಬಿನ ಹತ್ತಿರವೇ ಮೆಟ್ಟಿಲಿಳಿದು ಮೊಣಕಾಲ ತನಕ ಕಾಲು ಅದ್ದಿದ. ಸ್ವಲ್ಪ ಕೆಸರೂ ಬಳಿದುಕೊಂಡ. ಮನೆಗೆ ಬಂದ. ಹೆಂಡತಿ ಕಾಲು ನೋಡಿದಳು, ಎಲೆ ಹಾಕಿದಳು. ಆ ದಿನ ಅನ್ನ ಗಂಟಲಲ್ಲಿ ಸ್ವಲ್ಪ ತಡೆಯಿತು. ಮಾರನೆಯ ದಿನ ತಡೆಯಲಿಲ್ಲ. ಆಮೇಲೆ ಅದೇ ಅಭ್ಯಾಸವಾಯಿತು. ಒದ್ದೆ ಯಾವ ನೀರಿನದು ಎಂದು ಕಾಲು ಬಾಯಿಬಿಟ್ಟು ಹೇಳುವುದಿಲ್ಲವಲ್ಲ.

ಕಾಲುವೆಯ ಒಳಬದಿಗೆ ಉದ್ದಕ್ಕೂ ಗರಿಕೆ ಬೆಳೆದಿತ್ತು. ಅದನ್ನು ಯಾರೂ ನೆಟ್ಟದ್ದಲ್ಲ, ಯಾರೂ ಗಮನಿಸಿದ್ದೂ ಅಲ್ಲ. ನೀರು ಅದರ ಮೇಲೆ ರೇಷ್ಮೆ ಸವರಿದ ಹಾಗೆ ಜಾರಿಕೊಂಡು ಹೋಗುತ್ತಿತ್ತು. ಅದರ ಬೇರು ದಡವನ್ನು ಹಿಡಿದುಕೊಂಡಿತ್ತು. ದಿನವೂ ಸಿಹಿನೀರು ಹರಿದು ಹರಿದು ಆ ಗರಿಕೆ ಹಳದಿಯಾಯಿತು, ಕೊಳೆಯಿತು, ಕಿತ್ತುಬಂತು. ಒಳಬದಿ ಬೋಳಾಯಿತು, ಅಂಟಂಟಾಯಿತು. ಅಂಟಿಗೆ ಮಣ್ಣು ಹತ್ತಿತು. ಮಣ್ಣಿಗೆ ಕಸ ಹತ್ತಿತು. ಸಿಹಿಗೆ ಇರುವೆ ಬಂತು, ಇಲಿ ಬಂತು. ಬೇರಿಲ್ಲದ ಮೆತ್ತನೆಯ ದಡವನ್ನು ಏಡಿ ಕೊರೆಯಿತು. ದೊಡ್ಡ ಕಾಲುವೆಗೆ ಇದೇನೂ ಗೊತ್ತಾಗಲಿಲ್ಲ. ಅದರ ಹೊಟ್ಟೆ ದೊಡ್ಡದು. ಮೊದಲು ಕಟ್ಟಿಕೊಂಡದ್ದು ಜಡೆಯಷ್ಟು ಸಣ್ಣ ಕವಲುಗಳು.

ಇಲ್ಲಿ ಸಣ್ಣಜವರ ಕೂತಲ್ಲೇ ಮಿಸುಕಿದ. ‘ಒಳಗೋಡೆ’ ಎಂದು ಡಾಕ್ಟರಮ್ಮ ಹೇಳಿದ ಮಾತು ನೆನಪಾಗಿತ್ತು. ಸಣ್ಣಸಣ್ಣ ನಾಳಗಳೇ ಮೊದಲು ಕೆಡುತ್ತವೆ, ಕಣ್ಣಿನವು, ಮೂತ್ರಪಿಂಡದವು ಎಂದೂ ಅವರು ಹೇಳಿದ್ದರು. ಆಗ ಅವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಈಗ ಬೂಟಿನೊಳಗೆ ಹೆಬ್ಬೆರಳನ್ನು ಆಡಿಸಿ ನೋಡಿದ. ಆಡಿತೋ ಇಲ್ಲವೋ ತಿಳಿಯಲಿಲ್ಲ.

ಉಸ್ತಾದರು ಮುಂದುವರಿಸಿದರು.

ಅಜ್ಜಿ ಕೋಲೂರಿಕೊಂಡು ತೂಬಿನ ತನಕ ಬಂದಳು.

“ಅಪ್ಪಾ ನೀರುಗಂಟಿ, ಗದ್ದೆಗೆ ನೀರು ಬಂದಿಲ್ಲ. ಪೈರು ಉರಿದುಹೋಗ್ತಾ ಐತೆ.”

“ನೀರು ಬಂದಿಲ್ವೋ, ಬಂದ ನೀರು ನಿನ್ನ ಕಣ್ಣಿಗೆ ಕಾಣ್ತಿಲ್ವೋ ಅಜ್ಜಿ? ಇಲ್ಲಿ ನೋಡು. ನಮ್ಮಪ್ಪನ ಕಾಲದಲ್ಲಿ ಇಷ್ಟು ತುಂಬಿ ಹರಿದಿತ್ತಾ ಹೇಳು!”

ಅಜ್ಜಿ ನೋಡಿದಳು. ನಿಜವಾಗಿ ಕಾಲುವೆ ದಡದ ತನಕ ತುಂಬಿತ್ತು. ಅಷ್ಟು ತುಂಬಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಮುಂದೆ ಹೋಗಲು ದಾರಿಯಿಲ್ಲದ ನೀರು ಹಿಂದೆ ನಿಂತು ಏರುತ್ತದೆ. ಆ ಏರಿಕೆಯನ್ನು ನೀರುಗಂಟಿ ತನ್ನ ತೋಳಿನ ಬಲ ಎಂದುಕೊಂಡ. ಅಜ್ಜಿಯ ಸಮಾಧಾನಕ್ಕೆ ತೂಬನ್ನು ಇನ್ನೂ ಒಂದು ಗೇಣು ಎತ್ತಿದ. ನೀರು ಇನ್ನೂ ಏರಿತು. ದಡ ಅಲ್ಲಲ್ಲಿ ಬೆವರುವ ಹಾಗೆ ಜಿನುಗಿತು. ಜಿನುಗಿದ ಕಡೆ ಒಂದು ಹಿಡಿ ಜೇಡಿ ಬಡಿದು ಕೈ ಒರೆಸಿಕೊಂಡ. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದ. “ನನ್ನ ಕಾಲುವೆಯ ಆರ್ಭಟ ಕೇಳಿದಿರಾ?” ಎನ್ನುತ್ತಿದ್ದ. ಆರ್ಭಟ ನಿಜವಾಗಿಯೂ ಇತ್ತು.

ಅಜ್ಜಿ ಇನ್ನೊಂದು ಸಲ ಬಂದಳು. ಅವನು ಊಟಕ್ಕೆ ಕೂತಿದ್ದ. ಮನೆಯಲ್ಲಿಲ್ಲ ಎಂದು ಒಳಗಿನಿಂದಲೇ ಹೇಳಿಸಿದ. ಅವನು ಅನ್ನ ಕಲಸುವ ಸದ್ದು ಹೊರಗೆ ನಿಂತ ಅಜ್ಜಿಗೆ ಕೇಳುತ್ತಿತ್ತು.

ಆಮೇಲೆ ಅವಳು ಬರಲಿಲ್ಲ. ದೂರು ನಿಂತಿತು. ನೀರುಗಂಟಿ ಮೀಸೆ ತೀಡಿದ. ಆಲೆಮನೆಯ ಮುಂದೆ ಕೂತವರಿಗೆ ಹೇಳಿದ: “ನೋಡಿದಿರಾ, ಒಂದು ಗೇಣು ಎತ್ತಿದ್ದಕ್ಕೆ ಕೊನೆಗದ್ದೆ ತಣ್ಣಗಾಯ್ತು. ಈಗ ಅಲ್ಲಿಂದ ಉಸಿರೇ ಇಲ್ಲ.”

ಸಣ್ಣಜವರನ ಕಿವಿ ಬಿಸಿಯಾಯಿತು.

ಅವನ ಕಾಲೂ ಒಮ್ಮೆ ಉರಿದಿತ್ತು. ಮಲಗಿದಾಗ ಪಾದಕ್ಕೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಕಂಬಳಿಯಿಂದ ಕಾಲು ಆಚೆ ಚಾಚಿ ತಣ್ಣನೆಯ ನೆಲಕ್ಕೆ ಒತ್ತಿಕೊಂಡಿರುತ್ತಿದ್ದ. ಆಮೇಲೆ ಸೂಜಿ ಚುಚ್ಚಿದ ಹಾಗೆ. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದು ಹೆಂಡತಿ ಗೋಗರೆದಿದ್ದಳು. ಪೈಲ್ವಾನ ಕಾಲುರಿಗೆ ಆಸ್ಪತ್ರೆಗೆ ಹೋದ ಎಂದರೆ ಕೇರಿಯವರು ನಗುತ್ತಾರೆ ಎಂದಿದ್ದ. ಕೆಲವು ಕಾಲದ ಮೇಲೆ ಉರಿ ತಾನಾಗಿ ನಿಂತಿತು. ಅವತ್ತು ಅವನು ಹೆಂಡತಿಯ ಮುಂದೆ ತೊಡೆ ತಟ್ಟಿದ್ದ. “ಔಷಧ ಇಲ್ದೆ ಓಡಿಸಿದೆ ನೋಡು!” ಎಂದಿದ್ದ. ಆ ಉರಿ ಎಲ್ಲಿಗೆ ಹೋಯಿತು ಎಂದು ಅವನು ಈ ಹೊತ್ತಿನ ತನಕ ಕೇಳಿಕೊಂಡಿರಲಿಲ್ಲ.

ಉಸ್ತಾದರು ಅವನ ಕಡೆ ನೋಡುತ್ತಿರಲಿಲ್ಲ. ಅಖಾಡದ ಕಡೆ ಮುಖಮಾಡಿ ಹೇಳುತ್ತಿದ್ದರು.

ಕೊಯ್ಲಿನ ಕಾಲ ಬಂತು. ಆ ಊರಿನಲ್ಲಿ ಕೊಯ್ಲು ಶುರುವಾಗುವುದಕ್ಕೂ ಒಂದು ಕ್ರಮವಿತ್ತು. ಮೊದಲ ತೆನೆ ಕೊನೆಗದ್ದೆಯದೇ ಆಗಬೇಕು. ನೀರುಗಂಟಿ ಅಲ್ಲಿಗೆ ಹೋಗಬೇಕು. ಗದ್ದೆಯವರು ಆ ಗದ್ದೆಯ ನೀರಿನಲ್ಲೇ ಅವನ ಕಾಲು ತೊಳೆಯಬೇಕು. ತೆನೆ ಕೊಯ್ದು ಅವನ ತಲೆಯ ಮೇಲೆ ಇಡಬೇಕು. ಅವನು ಅದನ್ನು ಹೊತ್ತು ತಂದು ತೂಬಿನ ಕಲ್ಲಿನ ಮೇಲಿಡಬೇಕು. ಆಮೇಲೇ ಉಳಿದವರ ಗದ್ದೆಗೆ ಕುಡುಗೋಲು.

ತಮಟೆಯವರು ಬಂದರು. ಊರಿಗೆ ಊರೇ ಹೊರಟಿತು. ನೀರುಗಂಟಿ ಹೊಸ ಪಂಚೆ ಉಟ್ಟು ಮುಂದೆ ನಡೆದ. ಅವನ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹಿಂದೆ ನಡೆದಳು. ಆಲೆಮನೆಯವನೂ ಬಂದಿದ್ದ.

ದಡದ ಮೇಲೆ ನಡೆಯುತ್ತಾ ನೋಡಿದರೆ ಮೊದಲ ಕವಲಿನಲ್ಲಿ ತೊಡೆಯುದ್ದ ನೀರಿತ್ತು. ಎರಡನೆಯದರಲ್ಲಿ ಮೊಣಕಾಲುದ್ದವೂ ಇರಲಿಲ್ಲ. ಅದರಾಚೆಯದರಲ್ಲಿ ನೀರು ಬರಿಯ ಮಿಂಚಾಗಿತ್ತು. ತಮಟೆಯ ಪೆಟ್ಟು ಸ್ವಲ್ಪ ಸಡಿಲವಾಯಿತು. ನೀರುಗಂಟಿ ಹಿಂದೆ ತಿರುಗಿ, “ಬಾರಿಸ್ರೋ, ಯಾಕೆ ನಿಲ್ಲಿಸಿದ್ರಿ?” ಎಂದ. ಮುಂದೆ ದಾರಿ ಎರಡಾಗುವ ಕಡೆ ಬಂದಾಗ ಅವನು ಎಡಕ್ಕೆ ನಡೆದ.

ಅವನ ಹಿಂದೆ ಯಾರೂ ಬರಲಿಲ್ಲ.

ತಿರುಗಿ ನೋಡಿದ. ಎಲ್ಲರೂ ದಾರಿ ಸೀಳಿದ ಜಾಗದಲ್ಲೇ ನಿಂತಿದ್ದರು. ಒಬ್ಬ ಮುದುಕ ಬಲಗಡೆಗೆ ಕೈ ತೋರಿಸಿದ. ಕೊನೆಗದ್ದೆಯ ದಾರಿ ನೀರುಗಂಟಿಗೆ ಮರೆತುಹೋಗಿತ್ತು. ತಮಟೆ ತಾನಾಗಿ ನಿಂತಿತು. ಮತ್ತೆ ಬಾರಿಸಿ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಕೊನೆಗದ್ದೆಯಲ್ಲಿ ಪೈರು ನಿಂತಲ್ಲೇ ಒಣಗಿತ್ತು. ನೆಲ ಬಾಯಿ ಬಿಟ್ಟಿತ್ತು. ಆ ಬಿರುಕು ಎಷ್ಟು ಆಳವಾಗಿತ್ತೆಂದರೆ, ಅದರೊಳಗೆ ಬಿದ್ದ ಹಕ್ಕಿಯ ಗರಿ ಇನ್ನೂ ಕೆಳಕ್ಕೆ ಹೋಗುತ್ತಲೇ ಇದೆ ಎಂದು ಹೇಳುತ್ತಾರೆ. ಅಜ್ಜಿ ಬದುವಿನ ಮೇಲೆ ಕೂತಿದ್ದಳು. ಬಂದವರನ್ನು ನೋಡಿ ಎದ್ದಳು. ಬೈಯಲಿಲ್ಲ, ಅಳಲಿಲ್ಲ. ಪಕ್ಕದಲ್ಲಿದ್ದ ತನ್ನ ಕುಡಿಯುವ ನೀರಿನ ಮಡಕೆ ಎತ್ತಿಕೊಂಡಳು.

“ಕಾಲು ಕೊಡಪ್ಪ. ಗದ್ದೇಲಿ ನೀರಿಲ್ಲ. ಇದರಲ್ಲೇ ತೊಳೀತೀನಿ. ಕ್ರಮ ಬಿಡಬಾರದು.”

ಅವನು ಕಾಲು ಕೊಡಲಿಲ್ಲ. ಅವಳೇ ಬಗ್ಗಿ ತೊಳೆದಳು. ಮೊದಲ ಹನಿ ಬಿದ್ದಾಗ ಅವನ ಪಾದದ ಮೇಲೆ ಧೂಳು ಎದ್ದಿತು. ಊರಿನವರೆಲ್ಲ ನೋಡುತ್ತಿದ್ದರು. ಅವನ ಹೆಂಡತಿಯೂ ನೋಡುತ್ತಿದ್ದಳು. ದಿನವೂ ಎಲೆ ಹಾಕುವ ಮುಂಚೆ ಅವಳು ನೋಡುತ್ತಿದ್ದ ಕಾಲು ಅದೇ. ಅವಳು ಆ ಕಾಲಿನ ಮೇಲಿನ ಕಣ್ಣು ತೆಗೆಯಲಿಲ್ಲ. ತಲೆ ಎತ್ತಿ ಗಂಡನ ಮುಖ ನೋಡಲೂ ಇಲ್ಲ. ತಟ್ಟೆಯನ್ನು ಮಾತ್ರ ಸೆರಗಿನಿಂದ ಮುಚ್ಚಿದಳು.

ನೀರುಗಂಟಿ ಕೇಳಿದ:

“ಮತ್ತೆ ಯಾಕೆ ಬಂದು ಹೇಳಲಿಲ್ಲ ಅಜ್ಜಿ? ನೀನು ಸುಮ್ಮನಾದೆ. ನೀರು ಬಂದಿದೆ ಅಂದ್ಕೊಂಡೆ.”

“ಪೈರಿನಲ್ಲಿ ಜೀವ ಇರೋ ತನಕ ಬಂದು ಕೂಗಿದೆ ಮಗಾ. ಅದು ಸತ್ತ ಮೇಲೆ ಏನಂತ ಕೂಗಲಿ?”

ಅವಳು ಅಷ್ಟೇ ಹೇಳಿದ್ದು. ಹೇಳಿ, ಒಣಗಿದ ಒಂದು ಕಡ್ಡಿಯನ್ನು ಕಿತ್ತು ಅವನ ತಲೆಯ ಮೇಲಿಟ್ಟಳು. ಅದರಲ್ಲಿ ಕಾಳಿರಲಿಲ್ಲ.

ನೀರುಗಂಟಿ ಅದನ್ನು ಹೊತ್ತು ತೂಬಿನ ತನಕ ನಡೆದ. ಎಂಥೆಂಥ ಹೊರೆ ಹೊತ್ತವನು ಅವನು. ಮಳೆಗಾಲದಲ್ಲಿ ತೂಬಿನ ಹಲಗೆಯನ್ನು ಒಬ್ಬನೇ ಹೆಗಲ ಮೇಲಿಟ್ಟುಕೊಂಡು ಬಂದವನು. ಆ ಬರಿಯ ಕಡ್ಡಿಗೆ ಅವನ ಕುತ್ತಿಗೆ ಬಗ್ಗಿತು. ದಾರಿಯುದ್ದಕ್ಕೂ ಯಾರೂ ಅವನನ್ನು ಹೀಯಾಳಿಸಲಿಲ್ಲ. ಹೀಯಾಳಿಸಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಕಡ್ಡಿಯನ್ನು ತೂಬಿನ ಕಲ್ಲಿನ ಮೇಲಿಟ್ಟ. ಆಲೆಮನೆಯವನು ಮೆಲ್ಲಗೆ, “ಬಾರಯ್ಯ, ಒಂದು ಚೂರು ಬೆಲ್ಲ ತಿನ್ನು, ಸುಸ್ತಾಗಿದೀಯ” ಎಂದ. ನೀರುಗಂಟಿ ಅವನ ಕಡೆ ತಿರುಗಲಿಲ್ಲ.

ಅವನು ತೂಬು ಇಳಿಸಿದ. ಆಲೆಮನೆಯ ಮೋರಿಯನ್ನು ಮುಚ್ಚಿದ. ಸನಿಕೆ ಹಿಡಿದು ಕೊನೆಗದ್ದೆಗೆ ವಾಪಸು ಹೋದ. ಅಲ್ಲಿಂದ ಮೇಲಕ್ಕೆ, ಕವಲು ಕವಲಾಗಿ ಹೂಳು ತೆಗೆಯುತ್ತಾ ಬಂದ. ಏಡಿಯ ತೂತುಗಳನ್ನು ಮುಚ್ಚಿದ. ಬೋಳು ದಡಕ್ಕೆ ಗರಿಕೆಯನ್ನು ಬುಡ ಸಮೇತ ತಂದು ಒಂದೊಂದಾಗಿ ಊರಿದ. ನಾಟಿ ಮಾಡುವ ಹೆಂಗಸರು ನಿಂತು ನೋಡಿ, “ನೀರುಗಂಟಿ ಹುಲ್ಲು ಬೇಸಾಯ ಮಾಡ್ತಾವ್ನೆ” ಎಂದು ನಕ್ಕರು. ನಗಲಿ ಎಂದು ಬಿಟ್ಟ. ದಿನವೂ ಕೊನೆಗದ್ದೆಗೆ ನಡೆದ. ಹೆಂಡತಿ ಈಗ ಅವನ ಕಾಲು ನೋಡುವುದನ್ನು ಬಿಟ್ಟಿದ್ದಳು. ಬಂದ ಕೂಡಲೇ ಎಲೆ ಹಾಕುತ್ತಿದ್ದಳು. ಅವನೇ ಕಾಲನ್ನು ಅವಳ ಕಣ್ಣಿಗೆ ಬೀಳುವ ಹಾಗೆ ಚಾಚಿ ಕೂರುತ್ತಿದ್ದ. ಅವಳು ಆಚೆ ನೋಡುತ್ತಿದ್ದಳು.

ಮುಂದಿನ ಬೆಳೆಗೆ ಕೊನೆಗದ್ದೆ ಹಸಿರಾಯಿತು. ಪೂರ್ತಿ ಅಲ್ಲ. ಒಂದು ಮೂಲೆ ಚೌಳು ಹಿಡಿದು ಬೆಳ್ಳಗಾಗಿತ್ತು. ಅಲ್ಲಿಗೆ ಎಷ್ಟು ನೀರು ಬಿಟ್ಟರೂ, ಎಷ್ಟು ಗೊಬ್ಬರ ಸುರಿದರೂ ಒಂದು ಗರಿ ಹುಲ್ಲು ಏಳಲಿಲ್ಲ. ನೀರುಗಂಟಿ ಬದುಕಿರುವ ತನಕ ದಿನವೂ ಹೋಗಿ ಆ ಮೂಲೆಯಲ್ಲಿ ನಿಂತು ಬರುತ್ತಿದ್ದ.

ಉಸ್ತಾದರು ಕತೆ ನಿಲ್ಲಿಸಿದರು.

ಬೀದಿಯಲ್ಲಿ ಆಟೋದವನು ಸೀಟಿಗೆ ಒರಗಿ ಕೂತಿದ್ದ. ಸಣ್ಣಜವರ ತಲೆ ಬಗ್ಗಿಸಿದ್ದ. ಅತ್ತರಿನ ಕೆಳಗಿನಿಂದ ಇನ್ನೊಂದು ವಾಸನೆ ಏಳುತ್ತಿರುವುದು ಅವನ ಮೂಗಿಗೇ ಬಂತು. ಅಷ್ಟು ಹೊತ್ತೂ ಅದು ಉಸ್ತಾದರ ಮೂಗಿಗೂ ಬರುತ್ತಿದ್ದಿರಬೇಕು ಎಂದು ಹೊಳೆದಾಗ ಅವನಿಗೆ ಜಗಲಿಯ ಕಲ್ಲಿನೊಳಗೆ ಹೂತುಹೋಗೋಣ ಅನ್ನಿಸಿತು. ಬೂಟಿನ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

“ಉಸ್ತಾದ್ರೆ,” ಎಂದ. ದನಿ ಸಣ್ಣದಾಗಿತ್ತು. “ಅಜ್ಜಿ ಮೊದಲನೇ ಸಲ ಬಂದಾಗಲೇ ಎದ್ದು ಹೋಗಿದ್ದಿದ್ರೆ, ಆ ಮೂಲೆನೂ ಉಳೀತಿತ್ತಾ?”

ಉಸ್ತಾದರು ಎದ್ದು ಒಳಗೆ ಹೋದರು. ಹಂಡೆಯಿಂದ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿಕೊಂಡರು. ಹೊಸಿಲು ದಾಟಿ ಹೊರಗೆ ಬಂದರು. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ, ಶಿಷ್ಯನ ಕಾಲ ಬಳಿ, ಮಂಡಿಯೂರಿ ಕೂತರು. ಆ ಗರಡಿಯಲ್ಲಿ ಉಸ್ತಾದರ ಕಾಲು ಮುಟ್ಟದೆ ಯಾರೂ ಅಖಾಡಕ್ಕೆ ಇಳಿಯುತ್ತಿರಲಿಲ್ಲ. ಉಸ್ತಾದರು ಇನ್ನೊಬ್ಬರ ಕಾಲ ಬಳಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಸಣ್ಣಜವರ ಗಾಬರಿಯಾಗಿ ಏಳಲು ಹೋದ. ಉಸ್ತಾದರು ಅವನ ಮೊಣಕಾಲನ್ನು ಅಂಗೈಯಿಂದ ಒತ್ತಿ ಕೂರಿಸಿದರು. ಕೆಮ್ಮಣ್ಣು ಮೆತ್ತಿದ ಬೆರಳು ಬಿಳಿ ಬೂಟಿನ ದಾರದ ಗಂಟಿನ ಮೇಲೆ ಬಂತು. ಆಟೋದವನನ್ನು ನಿಲ್ಲಿಸಿಕೊಂಡದ್ದು ತನ್ನನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಎಂದು ಆಗ ಅವನಿಗೆ ತಿಳಿಯಿತು.

ಉಸ್ತಾದರು ಹೇಳಿದರು: “ಕಾಲು ಕೊಡು ಮಗಾ, ಕೂಗೋಕೆ ಇನ್ನೂ ಒಂಚೂರು ಜೀವ ಇರೋವಾಗಲೇ ಕೊನೆಗದ್ದೆಗೆ ಹೋಗಿಬರಾಣ.”